ಯುಆರ್‌ಎಲ್ ಪ್ಯಾರಾಮೀಟರ್‌ಗಳನ್ನು ಸುರಕ್ಷಿತವಾಗಿ ಓದುವುದು: ಹಂತ ಹಂತದ ಮಾರ್ಗದರ್ಶಿ

ಬೇರೆಯವರ ಸರ್ವರ್ ಸ್ಕ್ರಿಪ್ಟ್‌ಗಳನ್ನು ತಿದ್ದಿಕೊಡುವಾಗ ನನಗೆ ಒಂದೇ ತಪ್ಪು ಮತ್ತೆ ಮತ್ತೆ ಸಿಗುತ್ತದೆ. ಬರೆದವರಿಗೆ ಅಪಾಯ ಇದೆ ಅಂತ ಗೊತ್ತಿರುತ್ತದೆ. ಅದಕ್ಕೇ ಸ್ಕ್ರಿಪ್ಟ್ ಶುರುವಾದ ಕೂಡಲೇ ಯುಆರ್‌ಎಲ್‌ನಲ್ಲಿ ಬಂದ ಪ್ಯಾರಾಮೀಟರ್‌ಗಳನ್ನೆಲ್ಲ (? ಗುರುತಿನ ನಂತರ ‘ಹೆಸರು=ವ್ಯಾಲ್ಯೂ’ ಅಂತ ಬರುವ ಜೋಡಿಗಳು) ಒಂದು ‘ಕ್ಲೀನ್’ ಫಂಕ್ಷನ್‌ಗೆ ಹಾಕಿ ನಿಶ್ಚಿಂತರಾಗುತ್ತಾರೆ. ಆ ಫಂಕ್ಷನ್ ಒಳಗೆ ಟ್ರಿಮ್ (ತುದಿಗಳ ಖಾಲಿ ಜಾಗ ತೆಗೆಯುವುದು) ಇರುತ್ತದೆ, ಕೋಟ್‌ಗಳಿಗೆ ಸ್ಲ್ಯಾಶ್ ಸೇರಿಸುವುದು ಇರುತ್ತದೆ, ಎಚ್‌ಟಿಎಂಎಲ್ ಎಸ್ಕೇಪ್ (ವಿಶೇಷ ಅರ್ಥದ ಗುರುತುಗಳನ್ನು ಬರೀ ಅಕ್ಷರವಾಗಿ ಕಾಣುವಂತೆ ಬದಲಾಯಿಸುವುದು) ಇರುತ್ತದೆ. ಇಷ್ಟೆಲ್ಲ ಇದ್ದೂ ಪುಟ ಒಡೆಯುತ್ತದೆ, ಇಲ್ಲವೇ ಯಾರೋ ಒಳಗೆ ನುಗ್ಗುತ್ತಾರೆ.

ಇಲ್ಲಿರುವುದು ಎರಡು ಬೇರೆ ಬೇರೆ ಕೆಲಸ. ವ್ಯಾಲ್ಯೂ ಒಳಗೆ ಬರುವಾಗ, ಇದು ನಾನು ಕೇಳಿದ ಥರದ್ದೇನಾ ಅಂತ ನೋಡಬೇಕು. ಅದು ಹೊರಗೆ ಹೋಗುವಾಗ, ಡೇಟಾಬೇಸ್‌ಗೋ ಪುಟಕ್ಕೋ ಫೈಲ್‌ಗೋ, ಆ ಜಾಗಕ್ಕೆ ತಕ್ಕ ಹಾಗೆ ಕಳಿಸಬೇಕು. ಎರಡನ್ನೂ ಬಾಗಿಲಲ್ಲೇ ಒಟ್ಟಿಗೆ ಮುಗಿಸಲು ಹೋದರೆ ಎರಡೂ ಕೆಡುತ್ತವೆ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಉದಾಹರಣೆಗಳನ್ನು ಪಿಎಚ್‌ಪಿ, ಪೈಥಾನ್ ಮತ್ತು ನೋಡ್‌ನಿಂದ (ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್) ಕೊಟ್ಟಿದ್ದೇನೆ. ನಿಮ್ಮದು ಬೇರೆ ಭಾಷೆಯಾದರೂ ಕ್ರಮ ಇದೇ.

## ಶುರು ಮಾಡುವ ಮುಂಚೆ ಬೇಕಾದವು

ಸೈಟ್‌ನ ಒಂದು ಪ್ರತಿ ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತಿರಲಿ. ಇನ್ನು ಮುಂದೆ ಬೇಕಂತಲೇ ಕೆಟ್ಟ ವ್ಯಾಲ್ಯೂ ಕಳಿಸಿ ನೋಡಬೇಕು, ಅದನ್ನು ಜನ ಬಳಸುತ್ತಿರುವ ಸೈಟ್ ಮೇಲೆ ಮಾಡಬಾರದು. ಸರ್ವರ್‌ನ ಎರರ್ ಲಾಗ್ ಇನ್ನೊಂದು ಕಿಟಕಿಯಲ್ಲಿ ತೆರೆದಿರಲಿ. ಜೊತೆಗೆ ‘ಕರ್ಲ್’ ಇರಲಿ, ಅದು ಟರ್ಮಿನಲ್‌ನಿಂದಲೇ ಯುಆರ್‌ಎಲ್‌ಗೆ ರಿಕ್ವೆಸ್ಟ್ ಕಳಿಸುವ ಸಾಧನ. ಅಡ್ರೆಸ್ ಬಾರ್‌ನಲ್ಲಿ ಟೈಪ್ ಮಾಡಿದ್ದನ್ನು ಬ್ರೌಸರ್ ತಾನೇ ಸ್ವಲ್ಪ ತಿದ್ದಿ ಕಳಿಸುತ್ತದೆ, ಅದಕ್ಕೆ ಬ್ರೌಸರ್ ಒಂದೇ ಸಾಲದು.

ಕರ್ಲ್ ಹಿಡಿದವರೆಲ್ಲ ಮೊದಲ ದಿನವೇ ಎಡವುವ ಜಾಗ ಒಂದಿದೆ. ಟರ್ಮಿನಲ್‌ನಲ್ಲಿ ಯುಆರ್‌ಎಲ್ ಅನ್ನು ಕೋಟ್ ಒಳಗೆ ಇಡದಿದ್ದರೆ & ಗುರುತನ್ನು ಶೆಲ್ (ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದುವ ಪ್ರೋಗ್ರಾಂ) ತನಗೆ ಹೇಳಿದ್ದು ಅಂದುಕೊಳ್ಳುತ್ತದೆ. ಮೊದಲ ಪ್ಯಾರಾಮೀಟರ್ ಮಾತ್ರ ಸರ್ವರ್‌ಗೆ ಹೋಗುತ್ತದೆ, ಉಳಿದದ್ದು ಅಲ್ಲೇ ಕಳೆದುಹೋಗುತ್ತದೆ. ನೀವು ಸ್ಕ್ರಿಪ್ಟ್‌ನಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಯಾವಾಗಲೂ ಸಿಂಗಲ್ ಕೋಟ್ ಹಾಕಿ. ಚೌಕ ಬ್ರಾಕೆಟ್ ಇರುವ ಯುಆರ್‌ಎಲ್ ಆದರೆ ‘ಗ್ಲಾಬ್‌ಆಫ್’ ಆಯ್ಕೆಯನ್ನೂ ಸೇರಿಸಿ, ಇಲ್ಲದಿದ್ದರೆ ಕರ್ಲ್ ಆ ಬ್ರಾಕೆಟ್‌ಗಳಿಗೆ ಬೇರೆ ಅರ್ಥ ಮಾಡಿಕೊಳ್ಳುತ್ತದೆ.

## ಹಂತ 1: ಕೋಡ್ ಮುಟ್ಟುವ ಮೊದಲು ಪಟ್ಟಿ ಬರೆಯಿರಿ

ಈ ಪುಟಕ್ಕೆ ಯಾವ ಯಾವ ಪ್ಯಾರಾಮೀಟರ್ ಬರಬೇಕು? ಒಂದೊಂದಕ್ಕೂ ನಾಲ್ಕು ವಿಷಯ ಬರೆದುಕೊಳ್ಳಿ: ಯಾವ ಥರದ್ದು, ಕಡ್ಡಾಯವೇ, ಎಷ್ಟರಿಂದ ಎಷ್ಟರವರೆಗೆ, ಬರದಿದ್ದರೆ ಏನು ಮಾಡಬೇಕು. ಲೇಖನಗಳ ಪಟ್ಟಿ ತೋರಿಸುವ ಒಂದು ಪುಟ ಇದೆ ಅನ್ನಿ. ಅದರ ಪಟ್ಟಿ ಹೀಗಿರಬಹುದು:

- ಪುಟ: ಪೂರ್ಣ ಸಂಖ್ಯೆ, 1ರಿಂದ 500, ಬರದಿದ್ದರೆ 1.
- ವಿಂಗಡಣೆ: ‘ಹೊಸದು’, ‘ಹಳೆಯದು’, ‘ಹೆಸರು’ ಈ ಮೂರರಲ್ಲಿ ಒಂದು, ಬರದಿದ್ದರೆ ‘ಹೊಸದು’.
- ಹುಡುಕು: ಪಠ್ಯ, ಹೆಚ್ಚೆಂದರೆ 80 ಅಕ್ಷರ, ಬರದಿದ್ದರೆ ಹುಡುಕಾಟವೇ ಇಲ್ಲ.

ಐದು ನಿಮಿಷದ ಕೆಲಸ. ಇದನ್ನು ಬಿಟ್ಟವರ ಕೋಡ್‌ನಲ್ಲಿ ತಪಾಸಣೆ ಹತ್ತು ಕಡೆ ಚೆಲ್ಲಾಡಿರುತ್ತದೆ, ಒಂದು ಕಡೆಗೂ ಇನ್ನೊಂದು ಕಡೆಗೂ ತಾಳೆ ಆಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಪ್ಯಾರಾಮೀಟರ್ ಬಂದರೆ ಅದನ್ನು ಓದಲೇಬೇಡಿ. ಬಂದ ಎಲ್ಲ ಹೆಸರುಗಳನ್ನೂ ಲೂಪ್‌ನಲ್ಲಿ ತೆಗೆದು ವೇರಿಯಬಲ್ ಮಾಡಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಪಿಎಚ್‌ಪಿಯ ‘ಎಕ್ಸ್‌ಟ್ರ್ಯಾಕ್ಟ್’ ಮಾಡುವುದೂ ಅದೇ. ಹೊರಗಿನವರು ನಿಮ್ಮ ಸ್ಕ್ರಿಪ್ಟಿನ ಒಳಗಿನ ವೇರಿಯಬಲ್‌ಗಳನ್ನೇ ಬದಲಾಯಿಸಲು ಅದು ದಾರಿ ಮಾಡಿಕೊಡುತ್ತದೆ.

## ಹಂತ 2: ಭಾಷೆಯ ಸ್ವಂತ ಸೌಲಭ್ಯದಿಂದ, ಒಂದೇ ಸಲ ಓದಿ

ಕ್ವೆರಿ ಸ್ಟ್ರಿಂಗ್ ಅಂದರೆ ? ಗುರುತಿನ ನಂತರದ ಭಾಗ. ಅದನ್ನು & ಗುರುತಿನಲ್ಲಿ ಒಡೆದು, ಮತ್ತೆ = ಗುರುತಿನಲ್ಲಿ ಒಡೆದು ಕೈಯಾರೆ ಬಿಡಿಸಲು ಹೋಗಬೇಡಿ. ನೋಡಲು ಸುಲಭ. ಆದರೆ = ಇಲ್ಲದ ಹೆಸರು, ಎರಡು = ಇರುವ ವ್ಯಾಲ್ಯೂ, ಜಾಗದ ಬದಲು ಬರುವ + ಇವೆಲ್ಲ ಸೇರಿ ಕೈಕೊಡುತ್ತವೆ. ಪಿಎಚ್‌ಪಿಯಲ್ಲಿ ‘ಗೆಟ್’ ಅರೇ ಅಥವಾ ‘ಫಿಲ್ಟರ್ ಇನ್‌ಪುಟ್’, ಪೈಥಾನ್‌ನ ಫ್ಲಾಸ್ಕ್‌ನಲ್ಲಿ ರಿಕ್ವೆಸ್ಟ್‌ನ ‘ಆರ್ಗ್ಸ್’, ನೋಡ್‌ನಲ್ಲಿ ‘ಯುಆರ್‌ಎಲ್ ಸರ್ಚ್ ಪ್ಯಾರಾಮ್ಸ್’ ಈ ಕೆಲಸಕ್ಕೆಂದೇ ಇವೆ. ಪಿಎಚ್‌ಪಿಯಲ್ಲಿ ‘ರಿಕ್ವೆಸ್ಟ್’ ಅರೇಯಿಂದ ಓದಬೇಡಿ. ಅದರಲ್ಲಿ ಗೆಟ್ (ಯುಆರ್‌ಎಲ್‌ನಲ್ಲಿ ಬಂದದ್ದು) ಮತ್ತು ಪೋಸ್ಟ್ (ಫಾರ್ಮ್‌ನಿಂದ ರಿಕ್ವೆಸ್ಟ್‌ನ ಒಳಗೆ ಬಂದದ್ದು) ಕಲಸಿಕೊಂಡಿರುತ್ತವೆ, ಸೆಟ್ಟಿಂಗ್ ನೋಡಿಕೊಂಡು ಕುಕಿಯೂ ಸೇರಬಹುದು. ವ್ಯಾಲ್ಯೂ ಎಲ್ಲಿಂದ ಬಂತು ಅಂತ ನಿಮಗೇ ಹೇಳಲು ಆಗುವುದಿಲ್ಲ.

ಇವೆಲ್ಲ ಡಿಕೋಡ್ ಮಾಡಿಯೇ, ಅಂದರೆ ಯುಆರ್‌ಎಲ್‌ನ %27, + ಥರದ ಸಂಕೇತಗಳನ್ನು ಮೂಲ ಅಕ್ಷರಕ್ಕೆ ತಿರುಗಿಸಿಯೇ ವ್ಯಾಲ್ಯೂ ಕೊಡುತ್ತವೆ. ನೀವು ಮತ್ತೆ ಡಿಕೋಡ್ ಮಾಡಬಾರದು. ನಾನು ತಿದ್ದಿದ ಒಂದು ಹುಡುಕಾಟದ ಪುಟದಲ್ಲಿ ‘ಸಿ++’ ಅಂತ ಹುಡುಕಿದರೆ ‘ಸಿ’ ಅಂತಷ್ಟೇ ಫಲಿತಾಂಶ ಬರುತ್ತಿತ್ತು. ಡೇಟಾಬೇಸ್ ನೋಡಿದೆ, ಕ್ವೆರಿ ನೋಡಿದೆ, ಎಲ್ಲ ಸರಿ ಇತ್ತು. ಕೊನೆಗೆ ಸಿಕ್ಕಿದ್ದು ಒಂದು ಹೆಚ್ಚುವರಿ ಡಿಕೋಡ್ ಸಾಲು. ಮೊದಲ ಸಲಕ್ಕೆ ವ್ಯಾಲ್ಯೂ ಸರಿಯಾಗಿ ‘ಸಿ++’ ಆಗಿತ್ತು. ಎರಡನೇ ಸಲ ಎರಡೂ + ಗುರುತುಗಳು ಖಾಲಿ ಜಾಗ ಆದವು, ಟ್ರಿಮ್ ಅವನ್ನೂ ಒರೆಸಿತು.

ಇದು ಬರೀ ಹುಡುಕಾಟ ಕೆಡುವ ವಿಷಯ ಅಲ್ಲ. ಯಾರಾದರೂ %2527 ಅಂತ ಕಳಿಸಿದರೆ ಮೊದಲ ಡಿಕೋಡ್‌ನಲ್ಲಿ ಅದು %27 ಆಗುತ್ತದೆ. ನಿಮ್ಮ ತಪಾಸಣೆಗೆ ಅದು ಬರೀ ಒಂದು ಗುರುತು ಮತ್ತು ಎರಡು ಅಂಕಿ, ಹಾಗಾಗಿ ಪಾಸ್. ಆಮೇಲೆ ಎರಡನೇ ಡಿಕೋಡ್ ಅದನ್ನು ಸಿಂಗಲ್ ಕೋಟ್ ಮಾಡುತ್ತದೆ. ತಪಾಸಣೆ ಮುಗಿದ ಮೇಲೆ ವ್ಯಾಲ್ಯೂ ಬದಲಾಯಿತು ಅಂದರೆ ತಪಾಸಣೆ ಮಾಡಿದ್ದೇ ವ್ಯರ್ಥ.

ಎಚ್ಚರಿಕೆಯ ಚಿಹ್ನೆ: ವ್ಯಾಲ್ಯೂ ಅರ್ಧಕ್ಕೇ ತುಂಡಾಗಿ ಬರುತ್ತಿದ್ದರೆ ತಪ್ಪು ಓದುವ ಕಡೆ ಇಲ್ಲದಿರಬಹುದು, ಲಿಂಕ್ ಕಟ್ಟಿದ ಕಡೆ ನೋಡಿ. ‘ಮಳೆ & ಬೆಳೆ’ ಅನ್ನುವ ಪದವನ್ನು ಎನ್‌ಕೋಡ್ ಮಾಡದೆ ಲಿಂಕ್‌ಗೆ ಅಂಟಿಸಿದರೆ ಸರ್ವರ್‌ಗೆ ‘ಮಳೆ’ ಮಾತ್ರ ಸಿಗುತ್ತದೆ. ನಡುವೆ # ಇದ್ದರೆ ಅದರಿಂದಾಚೆಗಿನದು ಸರ್ವರ್‌ಗೆ ಬರುವುದೇ ಇಲ್ಲ, ಬ್ರೌಸರ್ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಲಿಂಕ್ ಕಟ್ಟುವಾಗಲೂ ಭಾಷೆಯ ಎನ್‌ಕೋಡ್ ಸೌಲಭ್ಯವನ್ನೇ ಬಳಸಿ.

## ಹಂತ 3: ಬಂದಿದೆಯೇ, ಖಾಲಿಯೇ, ಒಂದೇ ಇದೆಯೇ

ಪ್ಯಾರಾಮೀಟರ್ ಬಂದೇ ಇಲ್ಲ, ಬಂದಿದೆ ಆದರೆ ಖಾಲಿ, ಬಂದಿದೆ ಮತ್ತು ಅದು ಸೊನ್ನೆ. ಮೂರೂ ಬೇರೆ ಬೇರೆ. ಪಿಎಚ್‌ಪಿಯ ‘ಎಂಪ್ಟಿ’ ಫಂಕ್ಷನ್‌ಗೆ ಮೂರೂ ಒಂದೇ, "0" ಅನ್ನುವ ಸ್ಟ್ರಿಂಗ್ ಕೂಡ ಅದರ ಪ್ರಕಾರ ಖಾಲಿ. ಸೊನ್ನೆ ಅನ್ನುವುದು ಸರಿಯಾದ ಉತ್ತರ ಆಗಿರುವ ಕಡೆ ಇದು ತುಂಬಾ ಕಾಡುತ್ತದೆ. ‘ಫಿಲ್ಟರ್ ಇನ್‌ಪುಟ್’ ಬಳಸಿದರೆ ಬರದಿದ್ದಾಗ ನಲ್ ಸಿಗುತ್ತದೆ, ತಪ್ಪಾಗಿದ್ದಾಗ ಫಾಲ್ಸ್ ಸಿಗುತ್ತದೆ. ಹೋಲಿಸುವಾಗ ಮೂರು = ಹಾಕಿ ಹೋಲಿಸಿ. ಆಶ್ಚರ್ಯಸೂಚಕ ಹಾಕಿ ಸುಮ್ನೆ ‘ಇಲ್ಲದಿದ್ದರೆ’ ಅಂತ ಬರೆದರೆ ಸೊನ್ನೆಯೂ ತಪ್ಪಿನ ಬುಟ್ಟಿಗೆ ಬೀಳುತ್ತದೆ.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಒಂದೇ ಹೆಸರು ಎರಡು ಸಲ ಬಂದರೆ? `?ಪುಟ=1&ಪುಟ=9` ಅಂತ ಕಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಪಿಎಚ್‌ಪಿ ಕೊನೆಯದನ್ನು ಕೊಡುತ್ತದೆ. ಪೈಥಾನ್‌ನ ಜಾಂಗೋ ಕೂಡ ಕೊನೆಯದನ್ನೇ ಕೊಡುತ್ತದೆ. ಫ್ಲಾಸ್ಕ್ ಮೊದಲನೆಯದನ್ನು ಕೊಡುತ್ತದೆ. ಜಾವಾ ಸರ್ವ್‌ಲೆಟ್‌ನಲ್ಲೂ ಮೊದಲನೆಯದೇ. ನೋಡ್‌ನ ಎಕ್ಸ್‌ಪ್ರೆಸ್ ಎರಡನ್ನೂ ಸೇರಿಸಿ ಅರೇ ಮಾಡಿ ಕೊಡುತ್ತದೆ. ಮುಂದಿರುವ ಒಂದು ಸರ್ವರ್ ಮೊದಲನೆಯದನ್ನು ತಪಾಸಣೆ ಮಾಡಿ, ಹಿಂದಿರುವ ಸ್ಕ್ರಿಪ್ಟ್ ಕೊನೆಯದನ್ನು ಬಳಸಿದರೆ ತಪಾಸಣೆ ಆದದ್ದೇ ಒಂದು, ಬಳಕೆ ಆದದ್ದೇ ಇನ್ನೊಂದು. ಒಂದೇ ಬರಬೇಕಾದ ಕಡೆ ಎರಡು ಬಂದರೆ ರಿಕ್ವೆಸ್ಟ್ ಅನ್ನೇ ತಿರಸ್ಕರಿಸುವುದು ನನ್ನ ಪದ್ಧತಿ. ಪಿಎಚ್‌ಪಿಯ ಅರೇಯಲ್ಲಿ ಎರಡು ಬಂದದ್ದೇ ಕಾಣುವುದಿಲ್ಲ, ಅಲ್ಲಿ ಕಡೇಪಕ್ಷ ತಪಾಸಣೆ ಮತ್ತು ಬಳಕೆ ಎರಡೂ ಅದೇ ಒಂದು ವೇರಿಯಬಲ್ ಮೇಲೆ ನಡೆಯಲಿ.

ಹೆಸರಿನ ಮುಂದೆ ಚೌಕ ಬ್ರಾಕೆಟ್ ಹಾಕಿ `?ಹುಡುಕು[]=ಮಳೆ` ಅಂತ ಕಳಿಸಿದರೆ ಪಿಎಚ್‌ಪಿಯಲ್ಲಿ ಸ್ಟ್ರಿಂಗ್ ಬದಲು ಅರೇ ಬರುತ್ತದೆ. ಅದನ್ನು ಟ್ರಿಮ್‌ಗೆ ಕೊಟ್ಟರೆ ಪಿಎಚ್‌ಪಿ 8ರಲ್ಲಿ ಟೈಪ್ ಎರರ್ ಬಂದು ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಎರರ್ ಪರದೆ ಮೇಲೆ ಕಾಣುವ ಹಾಗಿದ್ದರೆ ನಿಮ್ಮ ಫೋಲ್ಡರ್‌ಗಳ ಹಾದಿಯೂ ಕಾಣುತ್ತದೆ. ಬೇರೆ ಏನೇ ಮಾಡುವ ಮುಂಚೆ, ಬಂದದ್ದು ಸ್ಟ್ರಿಂಗೇ ತಾನೇ ಅಂತ ಒಂದು ಸಾಲಿನಲ್ಲಿ ನೋಡಿಬಿಡಿ.

## ಹಂತ 4: ಸಂಖ್ಯೆಯಾದರೆ ಪೂರ್ತಿ ಸಂಖ್ಯೆಯೇ ಇರಬೇಕು

ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಯುಆರ್‌ಎಲ್‌ನಿಂದ ಬರುವುದು ಯಾವಾಗಲೂ ಅಕ್ಷರಗಳ ಸಾಲು. 57 ಅಂತ ಕಂಡರೂ ಅದು ಸ್ಟ್ರಿಂಗೇ. ಅದನ್ನು ಸಂಖ್ಯೆ ಮಾಡುವ ಫಂಕ್ಷನ್‌ಗಳಲ್ಲಿ ಕೆಲವು ಉದಾರಿಗಳು, ಕೆಲವು ಕಟ್ಟುನಿಟ್ಟು. ಯಾವುದು ಎಂಥದು ಅಂತ ತಿಳಿದಿರಬೇಕು.

ಪಿಎಚ್‌ಪಿಯಲ್ಲಿ ‘ಇಂಟ್’ ಅಂತ ಕಾಸ್ಟ್ ಮಾಡಿದರೆ (ಪೂರ್ಣ ಸಂಖ್ಯೆಗೆ ಬಲವಂತವಾಗಿ ಬದಲಾಯಿಸಿದರೆ) "57ಮಳೆ" ಅನ್ನುವುದು 57 ಆಗುತ್ತದೆ, "ಮಳೆ" ಅನ್ನುವುದು 0 ಆಗುತ್ತದೆ. ತಪ್ಪಾಗಿದೆ ಅಂತ ನಿಮಗೆ ತಿಳಿಯುವುದೇ ಇಲ್ಲ. ಜಾವಾಸ್ಕ್ರಿಪ್ಟ್‌ನ ‘ಪಾರ್ಸ್‌ಇಂಟ್’ ಕೂಡ ಬಾಲವನ್ನು ಬಿಟ್ಟು 57 ಕೊಡುತ್ತದೆ. ಅಲ್ಲಿನ ‘ನಂಬರ್’ ಫಂಕ್ಷನ್ ಬಾಲ ಒಪ್ಪುವುದಿಲ್ಲ, ಆದರೆ ಖಾಲಿ ಸ್ಟ್ರಿಂಗ್‌ಗೆ 0 ಅನ್ನುತ್ತದೆ. ಪಿಎಚ್‌ಪಿಯಲ್ಲಿ ‘ಫಿಲ್ಟರ್ ವ್ಯಾಲಿಡೇಟ್ ಇಂಟ್’ ಬಳಸಿ, ಅದಕ್ಕೇ ಕನಿಷ್ಠ ಮತ್ತು ಗರಿಷ್ಠ ಮಿತಿಯನ್ನೂ ಕೊಟ್ಟುಬಿಡಿ. ಕಾಸ್ಟ್‌ಗಿಂತ ಅದು ಎಷ್ಟೋ ಮೇಲು.

ಪೈಥಾನ್‌ನ ‘ಇಂಟ್’ ಬಾಲ ಕಂಡರೆ ವ್ಯಾಲ್ಯೂ ಎರರ್ ಎಸೆಯುತ್ತದೆ, ಒಳ್ಳೆಯದೇ. ಆದರೆ ಕನ್ನಡದಲ್ಲಿ ಬರೆಯುವ ನಮಗೆ ಬಹಳ ಹತ್ತಿರದ ಒಂದು ವಿಷಯ ಇದೆ. ಪೈಥಾನ್‌ನ ‘ಇಂಟ್’ಗೆ "೧೨" ಅಂತ ಕೊಟ್ಟು ನೋಡಿ. 12 ಅಂತ ಉತ್ತರ ಬರುತ್ತದೆ! ಅದು ಯೂನಿಕೋಡ್‌ನ ಎಲ್ಲ ಲಿಪಿಗಳ ದಶಮಾನ ಅಂಕಿಗಳನ್ನೂ ಒಪ್ಪುತ್ತದೆ. ‘ಇಸ್‌ಡಿಜಿಟ್’ ಕೂಡ "೧೨" ನೋಡಿ ಹೌದು ಅನ್ನುತ್ತದೆ, "²" ನೋಡಿಯೂ ಹೌದು ಅನ್ನುತ್ತದೆ, ಆದರೆ "²" ಅನ್ನು ‘ಇಂಟ್’ ಒಪ್ಪುವುದಿಲ್ಲ. ಅಂದರೆ ‘ಇಸ್‌ಡಿಜಿಟ್’ ನೋಡಿ ಆಯಿತಲ್ಲ, ಇನ್ನು ಎರರ್ ಬರಲ್ಲ ಅಂತ ಟ್ರೈ ಬ್ಲಾಕ್ ಬಿಟ್ಟವರ ಪುಟ ಒಂದು "²" ಬಂದರೆ ಬಿದ್ದುಹೋಗುತ್ತದೆ. "1_000" ಅನ್ನುವುದನ್ನೂ ‘ಇಂಟ್’ 1000 ಅಂತಲೇ ಓದುತ್ತದೆ.

ಕನ್ನಡ ಅಂಕಿ ಒಪ್ಪುವುದು ತಪ್ಪೇನಲ್ಲ. ಒಪ್ಪಬೇಕು ಅಂತಿದ್ದರೆ ಬೇಕಂತಲೇ ಒಪ್ಪಿ. ಆದರೆ ಪರಿವರ್ತಿಸಿದ ಸಂಖ್ಯೆಯನ್ನೇ ಮುಂದಕ್ಕೆ ಬಳಸಿ. ಬಹಳ ಜನ ತಪಾಸಣೆಗೆ ಸಂಖ್ಯೆ ಮಾಡಿ ನೋಡುತ್ತಾರೆ, ಆಮೇಲೆ ಕ್ವೆರಿಗೆ ಹಳೆಯ ಸ್ಟ್ರಿಂಗ್ ಅನ್ನೇ ಕಳಿಸುತ್ತಾರೆ. ತಪಾಸಣೆ ಮುಗಿದ ಕೂಡಲೇ ಮೂಲ ಸ್ಟ್ರಿಂಗ್ ಕಣ್ಣಿಂದ ಮರೆಯಾಗಬೇಕು.

ಸಂಖ್ಯೆಯ ಕೆಲಸವನ್ನು ಕ್ರಮವಾಗಿ ಬರೆದರೆ ಹೀಗೆ (400, 404 ಅಂದರೆ ಸರ್ವರ್ ಉತ್ತರವಾಗಿ ಕಳಿಸುವ ತಪ್ಪಿನ ಸಂಖ್ಯೆಗಳು, ಒಂಬತ್ತನೇ ಹಂತದಲ್ಲಿ ಹೇಳಿದ್ದೇನೆ):

```
ಬಂದದ್ದು = ಯುಆರ್‌ಎಲ್‌ನ "ಪುಟ"
ಬಂದಿಲ್ಲ               → ಪುಟ = 1
ಸ್ಟ್ರಿಂಗ್ ಅಲ್ಲ            → 400
6 ಅಕ್ಷರಕ್ಕಿಂತ ಉದ್ದ      → 400
0ರಿಂದ 9 ಬಿಟ್ಟು ಬೇರೇನೋ ಇದೆ → 400
ಪುಟ = ಸಂಖ್ಯೆ(ಬಂದದ್ದು)
ಪುಟ < 1 ಅಥವಾ ಪುಟ > 500   → 404
ಇಲ್ಲಿಂದ ಮುಂದೆ "ಬಂದದ್ದು" ಬೇಡ, "ಪುಟ" ಮಾತ್ರ
```

ಖಾಲಿ ಸ್ಟ್ರಿಂಗ್ ಬಂದರೆ 400 ಕೊಡಬೇಕೋ 1 ಅಂದುಕೊಳ್ಳಬೇಕೋ ಅದು ನಿಮ್ಮ ಪಟ್ಟಿಗೆ ಬಿಟ್ಟದ್ದು, ಆದರೆ ಅದಕ್ಕೂ ಒಂದು ಸಾಲು ಇರಲಿ. ಉದ್ದದ ಮಿತಿ ಮೊದಲೇ ಇರುವುದಕ್ಕೆ ಕಾರಣ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ 9007199254740991ಕ್ಕಿಂತ ದೊಡ್ಡ ಪೂರ್ಣ ಸಂಖ್ಯೆಗಳು ನಿಖರವಾಗಿ ಉಳಿಯುವುದಿಲ್ಲ, ಒಂದು ಐಡಿ ಕೇಳಿದರೆ ಪಕ್ಕದ ಐಡಿ ಸಿಗಬಹುದು. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪಠ್ಯ ಒಂದು ನಮೂನೆಗೆ ಹೊಂದುತ್ತದೆಯೇ ನೋಡುವ ಬರಹ) ಅಂಕಿ ನೋಡುವವರು ಕೊನೆಗೆ ಬರೀ $ ಹಾಕಿದರೆ, ಪಿಎಚ್‌ಪಿ ಮತ್ತು ಪೈಥಾನ್ ಎರಡರಲ್ಲೂ ಬಾಲದಲ್ಲಿ ಒಂದು ಹೊಸ ಸಾಲಿನ ಗುರುತು ನುಸುಳಿಬಿಡುತ್ತದೆ. ಪೈಥಾನ್‌ನಲ್ಲಿ ‘ಫುಲ್‌ಮ್ಯಾಚ್’ ಬಳಸಿ. ಅಂಕಿಗೆಂದು ಇರುವ ಸಂಕ್ಷಿಪ್ತ ಗುರುತಿನ (\d) ಬದಲು ‘0ರಿಂದ 9’ ಅಂತಲೇ ಬರೆಯಿರಿ, ಆ ಸಂಕ್ಷಿಪ್ತ ಗುರುತಿಗೂ ಪೈಥಾನ್‌ನಲ್ಲಿ "೧೨" ಅಂಕಿಯೇ.

## ಹಂತ 5: ಪಠ್ಯವಾದರೆ ಉದ್ದ ನೋಡಿ, ರೂಪ ನೋಡಿ

ಕನ್ನಡ ಪಠ್ಯಕ್ಕೆ ಉದ್ದ ಅಳೆಯುವುದು ಅಷ್ಟು ಸರಳ ಅಲ್ಲ. ‘ಕನ್ನಡ’ ಅನ್ನುವ ಪದ ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಅದು 5 ಸಂಕೇತ, ಯಾಕೆಂದರೆ ಒತ್ತಕ್ಷರ ಮಾಡಲು ನಡುವೆ ವಿರಾಮದ ಗುರುತು ಬೇಕು. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಯುಆರ್‌ಎಲ್‌ನಲ್ಲಿ ಎನ್‌ಕೋಡ್ ಆದಾಗ ಪ್ರತಿ ಬೈಟ್‌ಗೂ % ಸೇರಿ ಮೂರು ಗುರುತು, ಅಂದರೆ 45. ಪಿಎಚ್‌ಪಿಯ ‘ಸ್ಟ್ರ್‌ಲೆನ್’ ಇದಕ್ಕೆ 15 ಅನ್ನುತ್ತದೆ, ‘ಎಂಬಿ ಸ್ಟ್ರ್‌ಲೆನ್’ 5 ಅನ್ನುತ್ತದೆ. 20ರ ಮಿತಿ ಹಾಕಿ ಸ್ಟ್ರ್‌ಲೆನ್‌ನಿಂದ ಅಳೆದರೆ ಕನ್ನಡದಲ್ಲಿ ಎರಡು ಪದ ಹುಡುಕುವವರಿಗೂ ಬಾಗಿಲು ಮುಚ್ಚಿದ ಹಾಗೆ. ಉದ್ದ ಮೀರಿದ್ದನ್ನು ಬೈಟ್ ಲೆಕ್ಕದಲ್ಲಿ ಕತ್ತರಿಸಿದರಂತೂ ಕೊನೆಯ ಅಕ್ಷರ ನಡುವೆ ತುಂಡಾಗಿ ಪ್ರಶ್ನಾರ್ಥಕ ಚೌಕ ಆಗುತ್ತದೆ. ಕತ್ತರಿಸಬೇಡಿ. ಉದ್ದ ಜಾಸ್ತಿ ಇದ್ದರೆ ಜಾಸ್ತಿ ಇದೆ ಅಂತ ಹೇಳಿ.

ಮೊದಲು ಬಂದದ್ದು ಸರಿಯಾದ ಯುಟಿಎಫ್-8 ಹೌದೇ ಅಂತ ನೋಡಿ. ಪಿಎಚ್‌ಪಿಯಲ್ಲಿ ಅದಕ್ಕೆ ‘ಎಂಬಿ ಚೆಕ್ ಎನ್‌ಕೋಡಿಂಗ್’ ಇದೆ. ಆಮೇಲೆ ಯೂನಿಕೋಡ್‌ನ ‘ಎನ್‌ಎಫ್‌ಸಿ’ ರೂಪಕ್ಕೆ ತನ್ನಿ. ‘ಕೋ’ ಅನ್ನುವುದರ ಸ್ವರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಕೆಯಲ್ಲಿ ಎರಡೂ ಬೇರೆ. ರೂಪ ತರುವುದು ತಪಾಸಣೆಯ ಮುಂಚೆ ಆಗಬೇಕು, ನಂತರ ಅಲ್ಲ. ನಲ್ ಬೈಟ್, ಅಂದರೆ %00, ಮತ್ತು ಹೊಸ ಸಾಲಿನ ಗುರುತುಗಳಿಗೆ ಹುಡುಕಾಟದ ಪದದಲ್ಲಿ ಏನೂ ಕೆಲಸ ಇಲ್ಲ, ಕಂಡರೆ ತಿರಸ್ಕರಿಸಿ. ಆದರೆ ಕಣ್ಣಿಗೆ ಕಾಣದ ಎಲ್ಲ ಗುರುತನ್ನೂ ಕಿತ್ತುಹಾಕಬೇಡಿ. ಕನ್ನಡದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಬಳಸುವ ಜೋಡಿಸದ ಗುರುತು ಕೂಡ ಕಣ್ಣಿಗೆ ಕಾಣುವುದಿಲ್ಲ, ಅದನ್ನು ಕಿತ್ತರೆ ಪದವೇ ಬೇರೆ ಥರ ಕಾಣುತ್ತದೆ.

ಕೋಟ್, <, & ಇವನ್ನು ಇಲ್ಲಿ ಅಳಿಸಲು ಹೋಗಬೇಡಿ. ಅವು ಅಪಾಯಕಾರಿ ಆಗುವುದು ಹೋಗಿ ಸೇರುವ ಜಾಗದಲ್ಲಿ, ಅದಕ್ಕೆ ಏಳನೇ ಹಂತ ಇದೆ.

## ಹಂತ 6: ಕೆಲವೇ ಆಯ್ಕೆಗಳಿದ್ದರೆ ಬಂದದ್ದನ್ನು ಬಳಸಲೇಬೇಡಿ

‘ವಿಂಗಡಣೆ’ಗೆ ಮೂರೇ ಉತ್ತರ ಇರುವಾಗ ಒಂದು ಸಣ್ಣ ನಕ್ಷೆ ಮಾಡಿ. ಎಡಕ್ಕೆ ಯುಆರ್‌ಎಲ್‌ನಲ್ಲಿ ಬರುವ ಪದ, ಬಲಕ್ಕೆ ನೀವೇ ಬರೆದ ಕಾಲಂ ಹೆಸರು ಮತ್ತು ಏರಿಕೆಯೋ ಇಳಿಕೆಯೋ ಅನ್ನುವುದು. ಬಂದ ಪದ ಎಡಗಡೆ ಇದ್ದರೆ ಬಲಗಡೆಯದನ್ನು ತೆಗೆದುಕೊಳ್ಳಿ. ಹೊರಗಿನವರು ಬರೆದ ಒಂದು ಅಕ್ಷರವೂ ಕ್ವೆರಿಗೆ ಸೇರಲಿಲ್ಲ, ಅಲ್ವಾ? ನನಗೆ ಎಲ್ಲಕ್ಕಿಂತ ನೆಮ್ಮದಿ ಕೊಡುವ ವಿಧಾನ ಇದು. ಪಿಎಚ್‌ಪಿಯಲ್ಲಿ ‘ಇನ್ ಅರೇ’ ಬಳಸುವವರು ಮೂರನೇ ಜಾಗದಲ್ಲಿ ‘ಟ್ರೂ’ ಕೊಡಿ. ಪಿಎಚ್‌ಪಿ 8ಕ್ಕಿಂತ ಹಳೆಯದರಲ್ಲಿ ಪಟ್ಟಿಯಲ್ಲಿ 0 ಇದ್ದರೆ ಅಕ್ಷರಗಳಿಂದ ಶುರುವಾಗುವ ಯಾವ ಪದ ಕೊಟ್ಟರೂ ‘ಇದೆ’ ಅನ್ನುತ್ತಿತ್ತು.

## ಹಂತ 7: ಹೋಗುವ ಜಾಗ ನೋಡಿ ಕಳಿಸಿ

ಡೇಟಾಬೇಸ್. ಕ್ವೆರಿಯ ವಾಕ್ಯಕ್ಕೆ ವ್ಯಾಲ್ಯೂ ಅಂಟಿಸಬೇಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ, ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಇಡಿ, ವ್ಯಾಲ್ಯೂ ಬೇರೆಯಾಗಿ ಕೊಡಿ. ಇಷ್ಟು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ಅದರ ಮಿತಿ. ಆ ಪ್ರಶ್ನಾರ್ಥಕ ಚಿಹ್ನೆಯ ಜಾಗದಲ್ಲಿ ಕಾಲಂ ಹೆಸರು, ಟೇಬಲ್ ಹೆಸರು ಕೂರುವುದಿಲ್ಲ. ವಿಂಗಡಣೆಯ ಕಾಲಂ ಅನ್ನು ಹಾಗೆ ಕೊಟ್ಟರೆ ಹಲವು ಸಲ ಎರರ್ ಕೂಡ ಬರುವುದಿಲ್ಲ. ಡೇಟಾಬೇಸ್ ಅದನ್ನು ಒಂದು ಸ್ಥಿರ ಪದ ಅಂದುಕೊಂಡು ವಿಂಗಡಿಸದೆ ಕೊಡುತ್ತದೆ. ‘ವಿಂಗಡಣೆ ಕೆಲಸ ಮಾಡ್ತಿಲ್ಲ’ ಅಂತ ಬೇಸತ್ತು ಕೊನೆಗೆ ವ್ಯಾಲ್ಯೂ ಅನ್ನು ನೇರವಾಗಿ ಅಂಟಿಸಿಬಿಡುತ್ತಾರೆ. ತೂತು ಬೀಳುವುದು ಆ ಕ್ಷಣದಲ್ಲಿ. ಆರನೇ ಹಂತದ ನಕ್ಷೆ ಇರುವುದೇ ಅದಕ್ಕೆ.

‘ಲೈಕ್’ ಹುಡುಕಾಟದಲ್ಲಿ ಇನ್ನೊಂದು. ಅಲ್ಲಿ % ಅಂದರೆ ‘ಏನು ಬೇಕಾದರೂ’, _ ಅಂದರೆ ‘ಯಾವುದಾದರೂ ಒಂದು ಅಕ್ಷರ’. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಈ ಅರ್ಥವನ್ನು ತೆಗೆಯುವುದಿಲ್ಲ. ಬರೀ % ಅಂತ ಹುಡುಕಿದರೆ ಇಡೀ ಟೇಬಲ್ ಬರುತ್ತದೆ. ಕಳಿಸುವ ಮುಂಚೆ ಆ ಎರಡು ಗುರುತುಗಳನ್ನೂ, ಎಸ್ಕೇಪ್‌ಗೆ ಬಳಸುವ ಗುರುತನ್ನೂ ಎಸ್ಕೇಪ್ ಮಾಡಿ.

ಎಚ್‌ಟಿಎಂಎಲ್ ಪುಟ. ‘ನೀವು ಹುಡುಕಿದ ಪದ’ ಅಂತ ತೋರಿಸುವಾಗ, ಬರೆಯುವ ಆ ಸಾಲಿನಲ್ಲೇ ಎಸ್ಕೇಪ್ ಮಾಡಿ. ಪಿಎಚ್‌ಪಿಯ ‘ಎಚ್‌ಟಿಎಂಎಲ್ ಸ್ಪೆಷಲ್ ಚಾರ್ಸ್’ 8.1ರಿಂದ ಸಿಂಗಲ್ ಕೋಟ್ ಅನ್ನೂ ತಾನಾಗಿ ಎಸ್ಕೇಪ್ ಮಾಡುತ್ತದೆ. ಅದಕ್ಕಿಂತ ಹಳೆಯದಾದರೆ ‘ಎಂಟ್ ಕೋಟ್ಸ್’ ಅಂತ ನೀವೇ ಹೇಳಬೇಕು. ಆಟ್ರಿಬ್ಯೂಟ್ ಒಳಗೆ ಹಾಕುವುದಾದರೆ ಸುತ್ತಲೂ ಕೋಟ್ ಇರಲೇಬೇಕು, ಕೋಟ್ ಇಲ್ಲದಿದ್ದರೆ ಒಂದು ಖಾಲಿ ಜಾಗ ಸಾಕು ಹೊಸ ಆಟ್ರಿಬ್ಯೂಟ್ ಸೇರಿಸಲು. ಪುಟದೊಳಗಿನ ಸ್ಕ್ರಿಪ್ಟ್ ಟ್ಯಾಗ್‌ಗೆ ಹಾಕುವುದಾದರೆ ಎಚ್‌ಟಿಎಂಎಲ್ ಎಸ್ಕೇಪ್ ಅಲ್ಲಿಗೆ ಸರಿಯಾದದ್ದೇ ಅಲ್ಲ. ಅಲ್ಲಿ ಹಾಕದಿರುವುದೇ ವಾಸಿ. ಹಾಕಲೇಬೇಕಾದರೆ < ಮತ್ತು > ಗುರುತುಗಳನ್ನೂ ಬದಲಾಯಿಸುವಂತೆ ಹೇಳಿ ಜೇಸನ್ ಎನ್‌ಕೋಡ್ ಮಾಡಿ.

ಎಚ್ಚರಿಕೆಯ ಚಿಹ್ನೆ: ಪುಟದಲ್ಲಿ `&amp;` ಥರದ್ದು ಕಣ್ಣಿಗೆ ಕಂಡರೆ ಎರಡು ಸಲ ಎಸ್ಕೇಪ್ ಆಗಿದೆ. ಬಾಗಿಲಲ್ಲೇ ಒಂದು ಸಲ ಎಸ್ಕೇಪ್ ಮಾಡಿ ಡೇಟಾಬೇಸ್‌ಗೆ ಹಾಕಿದ್ದೀರಿ ಅಂತ ಅರ್ಥ. ಒಳಗೆ ಬರುವಾಗಿನದನ್ನು ತೆಗೆಯಿರಿ, ಹೊರಗೆ ಹೋಗುವಾಗಿನದನ್ನಲ್ಲ.

ಫೈಲ್. ಯುಆರ್‌ಎಲ್‌ನಲ್ಲಿ ಫೈಲ್ ಹೆಸರು ತೆಗೆದುಕೊಳ್ಳದೆ ಐಡಿ ತೆಗೆದುಕೊಳ್ಳಲು ಆಗುತ್ತದೆಯೇ ನೋಡಿ. ಆಗದಿದ್ದರೆ ‘../’ ಹುಡುಕಿ ಅಳಿಸುವುದನ್ನು ನಂಬಬೇಡಿ. ‘....//’ ಅಂತ ಕಳಿಸಿದರೆ ನಡುವಿನದನ್ನು ನೀವು ಅಳಿಸಿದ ಮೇಲೆ ಉಳಿಯುವುದು ‘../’. ಪೂರ್ತಿ ಹಾದಿಯನ್ನು ‘ರಿಯಲ್ ಪಾತ್’ನಿಂದ ಬಿಡಿಸಿ, ಅದು ನಿಮ್ಮ ಫೋಲ್ಡರ್‌ನಿಂದಲೇ ಶುರುವಾಗುತ್ತದೆಯೇ ಅಂತ ನೋಡಿ. ಹೋಲಿಸುವಾಗ ಫೋಲ್ಡರ್ ಹೆಸರಿನ ಕೊನೆಗೆ / ಸೇರಿಸಿ, ಇಲ್ಲದಿದ್ದರೆ ‘/ಚಿತ್ರ’ ಅನ್ನುವ ತಪಾಸಣೆಯಲ್ಲಿ ‘/ಚಿತ್ರ-ಖಾಸಗಿ’ ಕೂಡ ಪಾಸಾಗುತ್ತದೆ. ಪೈಥಾನ್‌ನ ಪಾತ್ ‘ಜಾಯಿನ್’ ಎರಡನೇ ತುಂಡು / ಇಂದ ಶುರುವಾದರೆ ಮೊದಲ ತುಂಡನ್ನೇ ಬಿಟ್ಟುಬಿಡುತ್ತದೆ, ಅದೂ ನೆನಪಿರಲಿ.

ರಿಡೈರೆಕ್ಟ್. ಲಾಗಿನ್ ಆದ ಮೇಲೆ ‘ಮುಂದೆ’ ಅನ್ನುವ ಪ್ಯಾರಾಮೀಟರ್‌ನಲ್ಲಿ ಬಂದ ಜಾಗಕ್ಕೆ ಕಳಿಸುವುದು ಸಾಮಾನ್ಯ. / ಇಂದ ಶುರುವಾದರೆ ನಮ್ಮದೇ ಸೈಟ್ ಅಂತ ಬಿಡುತ್ತಾರೆ. // ಇಂದ ಶುರುವಾದರೆ ಬ್ರೌಸರ್ ಅದನ್ನು ಬೇರೆ ಸೈಟ್‌ನ ವಿಳಾಸ ಅಂತ ಓದುತ್ತದೆ, ಸ್ಲ್ಯಾಶ್ ಪಕ್ಕ ಹಿಮ್ಮುಖ ಸ್ಲ್ಯಾಶ್ ಬಂದರೂ ಹಾಗೆಯೇ. ಸಾಧ್ಯವಾದರೆ ಇಲ್ಲೂ ನಕ್ಷೆಯನ್ನೇ ಇಡಿ.

ಶೆಲ್ ಕಮಾಂಡ್. ಬೇಡ. ಬೇರೆ ದಾರಿ ಇಲ್ಲದಿದ್ದರೆ ಪೈಥಾನ್‌ನ ‘ಸಬ್‌ಪ್ರೊಸೆಸ್’ಗೆ ಕಮಾಂಡ್ ಅನ್ನು ಪಟ್ಟಿಯಾಗಿ ಕೊಡಿ, ಶೆಲ್ ಆನ್ ಮಾಡಬೇಡಿ. ವ್ಯಾಲ್ಯೂ - ಗುರುತಿನಿಂದ ಶುರುವಾದರೆ ಆ ಪ್ರೋಗ್ರಾಂ ಅದನ್ನು ಆಯ್ಕೆ ಅಂದುಕೊಳ್ಳುತ್ತದೆ, ಅದಕ್ಕೂ ತಡೆ ಇರಲಿ.

## ಹಂತ 8: ಕೇಳುತ್ತಿರುವವರಿಗೆ ಹಕ್ಕಿದೆಯೇ

`?ಬಿಲ್=57` ಸರಿಯಾದ ಸಂಖ್ಯೆ, ಮಿತಿಯೊಳಗಿದೆ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಕೂಡ ಇದೆ. ಈಗ 57ನ್ನು 58 ಮಾಡಿ ಎಂಟರ್ ಒತ್ತಿ. ಇನ್ನೊಬ್ಬರ ಬಿಲ್ ಬಂತೇ? ಮೇಲಿನ ಏಳು ಹಂತಗಳಲ್ಲಿ ಯಾವುದೂ ಇದನ್ನು ತಡೆಯುವುದಿಲ್ಲ. ಕ್ವೆರಿಯಲ್ಲೇ ‘ಈ ಐಡಿ ಮತ್ತು ಈ ಬಳಕೆದಾರ’ ಅಂತ ಎರಡು ಷರತ್ತು ಹಾಕಿ. ಬಳಕೆದಾರರ ಐಡಿ ಸೆಷನ್‌ನಿಂದ (ಲಾಗಿನ್ ಆದವರ ಬಗ್ಗೆ ಸರ್ವರ್ ಇಟ್ಟುಕೊಂಡಿರುವ ಮಾಹಿತಿ) ಬರಲಿ, ಯುಆರ್‌ಎಲ್‌ನಿಂದ ಅಲ್ಲ.

ಗೆಟ್ ರಿಕ್ವೆಸ್ಟ್‌ನಿಂದ ಏನನ್ನೂ ಅಳಿಸಬೇಡಿ, ಬದಲಾಯಿಸಬೇಡಿ. `?ಅಳಿಸು=57` ಅನ್ನುವ ಲಿಂಕ್ ಇದ್ದರೆ ಕ್ರಾಲರ್‌ಗಳು, ಲಿಂಕ್‌ಗಳನ್ನು ಮುಂಚಿತವಾಗಿ ತೆರೆದಿಡುವ ಸಾಧನಗಳು ಅದನ್ನು ಒತ್ತಬಹುದು. ಬೇರೆ ಸೈಟ್‌ನಲ್ಲಿ ಯಾರಾದರೂ ಆ ಲಿಂಕ್ ಇಟ್ಟು ನಿಮ್ಮ ಬಳಕೆದಾರರಿಂದಲೇ ಒತ್ತಿಸಬಹುದು. ಅಳಿಸುವುದು ಪೋಸ್ಟ್‌ನಲ್ಲಿ, ನಿಮ್ಮ ಪುಟವೇ ಕೊಟ್ಟ ಗುಟ್ಟಿನ ಟೋಕನ್ ಜೊತೆಗೆ ಆಗಲಿ. ಪಾಸ್‌ವರ್ಡ್ ಮತ್ತು ಸೆಷನ್ ಐಡಿ ಯುಆರ್‌ಎಲ್‌ನಲ್ಲಿ ಬರಬಾರದು. ಯುಆರ್‌ಎಲ್ ಸರ್ವರ್ ಲಾಗ್‌ನಲ್ಲಿ ಉಳಿಯುತ್ತದೆ, ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ, ಜನ ಅದನ್ನು ಕಾಪಿ ಮಾಡಿ ಹಂಚುತ್ತಾರೆ.

## ಹಂತ 9: ತಪ್ಪು ಬಂದಾಗ ಕೊಡುವ ಉತ್ತರ

ಆಕಾರವೇ ತಪ್ಪಿದ್ದರೆ 400. ಆಕಾರ ಸರಿ ಇದ್ದು ಅಂಥದ್ದು ಇಲ್ಲದಿದ್ದರೆ 404. ಬೇರೆಯವರ ಬಿಲ್ ಕೇಳಿದರೂ 404 ಕೊಡುವುದು ಒಳ್ಳೆಯದು, 403 (ಅನುಮತಿ ಇಲ್ಲ) ಕೊಟ್ಟರೆ ಆ ಐಡಿ ಇದೆ ಅಂತ ತಿಳಿಸಿದ ಹಾಗಾಗುತ್ತದೆ. ತಪ್ಪಿನ ಸಂದೇಶದಲ್ಲಿ ‘ಪುಟ ಸಂಖ್ಯೆ ಸರಿಯಿಲ್ಲ’ ಅಂತ ಇದ್ದರೆ ಸಾಕು, ಬಂದ ವ್ಯಾಲ್ಯೂ ತಿರುಗಿ ತೋರಿಸಬೇಡಿ. ಅದನ್ನು ಎಸ್ಕೇಪ್ ಮಾಡಲು ಮರೆಯುವುದು ಹೆಚ್ಚಾಗಿ ಎರರ್ ಪುಟದಲ್ಲೇ. ಲಾಗ್‌ಗೆ ಬರೆಯುವಾಗ ಹೊಸ ಸಾಲಿನ ಗುರುತನ್ನು ಬದಲಾಯಿಸಿ ಬರೆಯಿರಿ, ಇಲ್ಲದಿದ್ದರೆ ಹೊರಗಿನವರು ನಿಮ್ಮ ಲಾಗ್‌ನಲ್ಲಿ ಸುಳ್ಳು ಸಾಲು ಸೇರಿಸಬಹುದು.

## ಹಂತ 10: ಕೆಟ್ಟ ವ್ಯಾಲ್ಯೂಗಳಿಂದಲೇ ಪರೀಕ್ಷೆ

ಪ್ರತಿ ಪ್ಯಾರಾಮೀಟರ್‌ಗೂ ಇವನ್ನು ಒಂದೊಂದಾಗಿ ಕಳಿಸಿ ಲಾಗ್ ನೋಡಿ. ಕರ್ಲ್‌ನ ‘ಗೆಟ್’ ಮತ್ತು ‘ಡೇಟಾ-ಯುಆರ್‌ಎಲ್‌ಎನ್‌ಕೋಡ್’ ಆಯ್ಕೆಗಳನ್ನು ಜೊತೆಗೆ ಬಳಸಿದರೆ ಎನ್‌ಕೋಡ್ ಮಾಡುವ ಕಷ್ಟ ಇರುವುದಿಲ್ಲ. ಮೊದಲೇ ಎನ್‌ಕೋಡ್ ಆಗಿರುವ %2527 ಮತ್ತು %00 ಮಾತ್ರ ಯುಆರ್‌ಎಲ್‌ನಲ್ಲೇ ನೇರವಾಗಿ ಬರೆಯಿರಿ.

- ಪ್ಯಾರಾಮೀಟರ್ ಇಲ್ಲದೇ, ಖಾಲಿಯಾಗಿ, 0, -1
- 57ಮಳೆ, ೧೨, ², ನಲವತ್ತು ಅಂಕಿಗಳ ಸಂಖ್ಯೆ
- ಎರಡು ಸಲ ಅದೇ ಹೆಸರು, ಚೌಕ ಬ್ರಾಕೆಟ್ ಜೊತೆ
- ಒಂದು ಸಿಂಗಲ್ ಕೋಟ್, ಒಂದು ಡಬಲ್ ಕೋಟ್, ಒಂದು <, ಒಂದು %
- %2527, %00, ../, //
- 81 ಅಕ್ಷರಗಳ ಕನ್ನಡ ಪಠ್ಯ

500 (ಸರ್ವರ್‌ನ ಒಳಗೇ ಎರರ್) ಬಂದರೆ ಎಲ್ಲೋ ತಪಾಸಣೆ ಬಿಟ್ಟಿದೆ. ಸಿಂಗಲ್ ಕೋಟ್ ಒಂದಕ್ಕೇ 500 ಬಂದರೆ ಉಳಿದ ಕೆಲಸ ಬಿಟ್ಟು ಮೊದಲು ಡೇಟಾಬೇಸ್‌ನ ಸಾಲು ತೆರೆಯಿರಿ, ಅಲ್ಲಿ ವ್ಯಾಲ್ಯೂ ಅಂಟಿಸಿರುವ ಸಾಧ್ಯತೆಯೇ ಹೆಚ್ಚು. 200 (ಎಲ್ಲ ಸರಿ) ಬಂದರೂ ಪುಟದ ಸೋರ್ಸ್ ತೆರೆದು, ನೀವು ಕಳಿಸಿದ < ಅಲ್ಲಿ ಹಾಗೆಯೇ ಇದೆಯೇ ನೋಡಿ. ಬ್ರೌಸರ್‌ನ ಕಿಟಕಿಯಲ್ಲಿ ನೋಡಿದರೆ ಅದು ತಿಳಿಯುವುದಿಲ್ಲ. ಈ ಪಟ್ಟಿಯನ್ನು ಒಂದು ಟೆಸ್ಟ್ ಫೈಲ್‌ಗೆ ಹಾಕಿಟ್ಟು, ಹೊಸ ಪ್ಯಾರಾಮೀಟರ್ ಸೇರಿಸಿದಾಗಲೆಲ್ಲ ಅದರ ಹೆಸರನ್ನೂ ಆ ಫೈಲ್‌ಗೆ ಸೇರಿಸಿ ಓಡಿಸಿ.